ಕ್ಲಿಪ್ಪಿನ ತಲೆ, ಕ್ಲಿಪ್ಪಿನ ಬಾಲ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಕತ್ತರಿ ಅಂದರೆ ಸಾಕು, ಕೆಳಗಿನ ಕೀಲಿ ರಿಪೇರಿಯವನಿಂದ ಹಿಡಿದು ಎದುರಿನ ಜೆರಾಕ್ಸ್ ಅಂಗಡಿಯ ಹೆಂಗಸಿನವರೆಗೆ ಎಲ್ಲರೂ ಮಹಡಿಯ ಕಡೆ ಬೆರಳು ತೋರಿಸುತ್ತಿದ್ದರು. ಹೊಸಬರು ದರ್ಜಿ ಇರಬೇಕು ಅಂದುಕೊಂಡು ಹರಿದ ಪ್ಯಾಂಟು ಹಿಡಿದು ಮೆಟ್ಟಿಲು ಹತ್ತಿದ್ದೂ ಉಂಟು. "ಬಟ್ಟೆ ಅಲ್ಲಪ್ಪಾ, ನಾನು ವಿಡಿಯೋ ಕತ್ತರಿಸೋನು" ಎಂದು ಅವನು ಅವರನ್ನು ಬಂದ ದಾರಿಯಲ್ಲೇ ಕಳಿಸುತ್ತಿದ್ದ.

ಮದುವೆ, ಶಾಲೆಯ ವಾರ್ಷಿಕೋತ್ಸವ, ನಿವೃತ್ತಿಯ ಸಮಾರಂಭ, ಹೊಸ ಅಂಗಡಿಯ ಉದ್ಘಾಟನೆ, ಯಾವುದಾದರೂ ಸರಿ. ಕ್ಯಾಮೆರಾ ಹಿಡಿಯುವವಳು ಹೆಂಡತಿ, ಕತ್ತರಿಸುವವನು ಇವನು. ಹತ್ತೊಂಬತ್ತು ವರ್ಷ ಹೀಗೇ ನಡೆದಿತ್ತು. ಊರಿನ ಅರ್ಧ ಜನ ಅವಳನ್ನು ಕ್ಯಾಮೆರಾ ಅಕ್ಕ ಅನ್ನುತ್ತಿದ್ದರು. ಅವಳು ಬಂದರೆ ಸಭೆಗೆ ಕಳೆ ಬರುತ್ತಿತ್ತು. ಇವನನ್ನು ನೋಡಿದವರೇ ಕಡಿಮೆ, ಪರದೆ ಎಳೆದ ಅರ್ಧ ಕೋಣೆಯಲ್ಲಿ ಎರಡು ಸ್ಕ್ರೀನ್ ಮುಂದೆ, ಹಿಡಿಗೆ ಟೇಪು ಸುತ್ತಿದ ಕುರ್ಚಿಯಲ್ಲಿ ಕೂತಿರುತ್ತಿದ್ದ.

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡಬೇಕು. ಕ್ಯಾಮೆರಾದಲ್ಲಿ ಬಂದದ್ದನ್ನೆಲ್ಲ ಹಾಗೇ ನೋಡಲು ಆಗುವುದಿಲ್ಲ. ಗುಂಡಿ ಒತ್ತಿದ ಕೂಡಲೇ ಯಾರು ತಾನೇ ನಗುತ್ತಾರೆ? ಮೊದಲು ಕೂದಲು ಸರಿಮಾಡಿಕೊಳ್ಳುವುದು, ಕೆಮ್ಮುವುದು, "ಶುರುವಾಯ್ತಾ?" ಎಂದು ಕೇಳುವುದು. ಮುಗಿದ ಮೇಲೂ ಅಷ್ಟೇ, ಮುಖ ಇಳಿಬಿಟ್ಟುಕೊಂಡು "ಆಯ್ತಾ?" ಅನ್ನುವುದು. ಮೊದಲಿನದು ಕ್ಲಿಪ್ಪಿನ ತಲೆ, ಕೊನೆಯದು ಬಾಲ. ಎರಡನ್ನೂ ಕತ್ತರಿಸಿ ನಡುವಿನದನ್ನು ಸಾಲಾಗಿ ಜೋಡಿಸಿದರೆ ಗಿರಾಕಿಗೆ ಬೇಕಾದ ವಿಡಿಯೋ. ಒಂದು ಸಮಾರಂಭಕ್ಕೆ ಇನ್ನೂರು ಮುನ್ನೂರು ಕ್ಲಿಪ್ಪು. ಅವನ್ನು "ಬಾಗಿಲು", "ಭಾಷಣ", "ಊಟ", "ಗುಂಪು" ಎಂದು ಫೋಲ್ಡರುಗಳಿಗೆ ಹಂಚಿ, ಒಂದೊಂದಾಗಿ ತಲೆ ಬಾಲ ತೆಗೆಯುವುದು ಅವನ ದಿನಚರಿ.

ಇಲ್ಲಿಯವರೆಗೆ ಎಲ್ಲ ಎಡಿಟರುಗಳೂ ಒಂದೇ. ಸಾಫ್ಟ್‌ವೇರಿನಲ್ಲಿ ಎಷ್ಟೇ ಕತ್ತರಿಸಿದರೂ ಡಿಸ್ಕಿನಲ್ಲಿರುವ ಮೂಲಕ್ಕೆ ಕೂದಲೂ ಕೊಂಕುವುದಿಲ್ಲ. ಬೇರೆಯವರು ಆ ಮೂಲವನ್ನು ಹಾಗೇ ಪೇರಿಸಿ ಇಟ್ಟುಕೊಳ್ಳುತ್ತಾರೆ. ಆದರೆ ನಮ್ಮ ಕತ್ತರಿಗೆ ಚೊಕ್ಕಟದ ಹುಚ್ಚು. ಕೆಲಸ ಮುಗಿದ ಕೂಡಲೇ ಬಳಸಿದ ತುಣುಕುಗಳನ್ನಷ್ಟೇ ಹೊಸ ಫೋಲ್ಡರಿಗೆ ತೆಗೆದಿಡುತ್ತಿದ್ದ. ಹಳೇ ಫೋಲ್ಡರು ಕಸದಬುಟ್ಟಿಗೆ. ಕುರ್ಚಿಯಿಂದ ಏಳುವ ಮೊದಲು ಕಸದಬುಟ್ಟಿಯೂ ಖಾಲಿ. ಐದಾರು ಗುಂಡಿ ಒತ್ತುವ ಕೆಲಸ, ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ತಲೆಗೆ ತಿಳಿಸದೆಯೇ ಮಾಡಿ ಮುಗಿಸುತ್ತಿತ್ತು. "ನನ್ನ ಡಿಸ್ಕಲ್ಲಿ ಒಂದೇ ಒಂದು ಕೆಮ್ಮು ಹುಡುಕಿ ನೋಡೋಣ" ಎಂದು ಸವಾಲು ಹಾಕುತ್ತಿದ್ದ. ಅಯ್ಯೋ, ಎಂಥಾ ಹೆಮ್ಮೆ ಅದು!

ಕ್ಲಿಪ್ಪಿನ ತಲೆಯಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಹೆಂಡತಿಯ ದನಿ. "ಅಜ್ಜಾ, ಸ್ವಲ್ಪ ಈ ಕಡೆ ತಿರುಗಿ. ಅಜ್ಜಿನ ನೋಡಿ, ನನ್ನಲ್ಲ!" ಎಂದೇನೋ ಅನ್ನುವಳು, ಅಜ್ಜ ಅಜ್ಜಿ ಇಬ್ಬರೂ ಬಾಯ್ತುಂಬ ನಗುವರು. ಇವನು ಕರಾರುವಾಕ್ಕಾಗಿ ಅವಳ ಮಾತು ಮುಗಿದಲ್ಲಿ, ನಗು ಶುರುವಾಗುವಲ್ಲಿ ಕತ್ತರಿಸುವನು.

"ನಿನ್ನ ಬಾಯಿಗೆ ಬೀಗ ಇಲ್ವೇನೇ?" ಎಂದು ರೇಗುತ್ತಿದ್ದ. "ನಿನ್ನ ಮಾತು ಕತ್ತರಿಸೋದ್ರಲ್ಲೇ ನನ್ನ ಆಯುಸ್ಸು ಮುಗಿದುಹೋಗತ್ತೆ."

"ನಾನು ಬಾಯಿ ಮುಚ್ಕೊಂಡಿದ್ರೆ ನಿಮ್ಮ ಗಿರಾಕಿಗಳೆಲ್ಲ ಪಾಸ್‌ಪೋರ್ಟ್ ಫೋಟೋಗೆ ನಿಂತ ಹಾಗೆ ನಿಲ್ತಾರೆ ರೀ. ನಗಿಸೋಳು ನಾನು, ಹೆಸರು ನಿಮಗೆ" ಎಂದು ಅವಳು ಬ್ಯಾಗು ಗೂಟಕ್ಕೆ ಹಾಕಿ ಕೈಕಾಲು ತೊಳೆಯಲು ಹೋಗುತ್ತಿದ್ದಳು.

ಇನ್ನೊಂದು ಬೈಗುಳ ಫ್ಯಾನಿನದು. ಸಭಾಂಗಣದ ಫ್ಯಾನಿನ ಗರಗರ ಸದ್ದು ಮಾತಿನ ಅಡಿಯಲ್ಲಿ ಕೂತುಬಿಟ್ಟರೆ ಯಾವ ಕತ್ತರಿಗೂ ಬಗ್ಗುವುದಿಲ್ಲ. "ಭಾಷಣದ ಹೊತ್ತಿಗಾದ್ರೂ ಫ್ಯಾನ್ ಆಫ್ ಮಾಡಿಸು ಅಂತ ಎಷ್ಟು ಸಲ ಬಡ್ಕೊಳ್ಳಲಿ? ಕಿವೀನ ಮನೇಲಿ ಬಿಟ್ಟು ಹೋಗ್ತೀಯಾ?" ಇದಕ್ಕೆ ಅವಳು ಎದುರಾಡುತ್ತಿರಲಿಲ್ಲ, ಮುಖ ಸಣ್ಣ ಮಾಡಿಕೊಂಡು ಸುಮ್ಮನಾಗುತ್ತಿದ್ದಳು. ಕೆಟ್ಟವನಲ್ಲ ಅವನು. ಹಸಿದುಕೊಂಡು ಬಂದ ಹೆಂಡತಿಗೆ ತಾನೇ ಬಿಸಿಮಾಡಿ ಬಡಿಸುವ ಗಂಡ. ಕೆಲಸದ ವಿಷಯಕ್ಕೆ ಬಂದರೆ ಮಾತ್ರ ನಾಲಿಗೆಗೆ ಲಗಾಮು ಇರಲಿಲ್ಲ.

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ಅವಳು ಬಚ್ಚಲಮನೆಯ ಬಾಗಿಲಲ್ಲಿ ಕುಸಿದು ಕೂತಳು. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು. ಆಸ್ಪತ್ರೆಯಲ್ಲಿ ಎರಡು ದಿನ ಕಣ್ಣು ಬಿಡಲಿಲ್ಲ, ಮಾತಾಡಲಿಲ್ಲ, ಹೋಗಿಬಿಟ್ಟಳು. ನಲವತ್ತಾರಕ್ಕೆ ಹೋಗುವ ವಯಸ್ಸೇ ಅದು?

ನಾಲ್ಕು ವಾರ ಕಳೆದ ಮೇಲೆ ಮಗಳು ಫೋನು ಮಾಡಿದಳು. ಒಬ್ಬಳೇ ಮಗಳು, ಮೂರು ಗಂಟೆ ಬಸ್ಸಿನ ದೂರದ ಊರಿನಲ್ಲಿ ನರ್ಸು.

"ಅಪ್ಪಾ, ಅಮ್ಮನ ಮುಖ ಕಣ್ಣ ಮುಂದೆ ಬರತ್ತೆ. ದನಿ ಬರ್ತಿಲ್ಲ. ಪುಟ್ಟೀ ಅಂತ ಹೆಂಗೆ ಕರೀತಿದ್ಲು, ನೆನಪು ಮಾಡ್ಕೊಳ್ಳೋಕೆ ಹೋದ್ರೆ ನನ್ನ ದನೀನೇ ಕೇಳ್ಸತ್ತೆ. ನಂಗೆ ಭಯ ಆಗ್ತಿದೆ. ನಿನ್ನ ಹತ್ರ ಅಷ್ಟೊಂದು ಡಿಸ್ಕ್ ಇದ್ಯಲ್ಲ, ಅಮ್ಮ ಮಾತಾಡಿರೋದು ಏನಾದ್ರೂ ಹುಡುಕಿಕೊಡು."

"ಅಷ್ಟೇನಾ? ಇವತ್ತೇ ಹುಡುಕ್ತೀನಿ ಮಗಳೇ" ಎಂದ. ಅಷ್ಟೇನಾ ಅಂತೆ!

ನಾಲ್ಕು ಡಿಸ್ಕು ತೆಗೆದು ಸಾಲಾಗಿ ಮೇಜಿನ ಮೇಲಿಟ್ಟ. ಹತ್ತೊಂಬತ್ತು ವರ್ಷದ ಮದುವೆಗಳು. ಮೊದಲ ಫೋಲ್ಡರು ತೆಗೆದ, ನಗು. ಎರಡನೆಯದು, ನಗು. ನೂರನೆಯದರಲ್ಲೂ ನಗು. ಎಲ್ಲರೂ ನಗುತ್ತಿದ್ದಾರೆ, ನಗಿಸಿದವಳ ಸದ್ದೇ ಇಲ್ಲ. ಎಲ್ಲರ ಕಣ್ಣೂ ಕ್ಯಾಮೆರಾದ ಹಿಂದಿರುವ ಒಬ್ಬಳ ಕಡೆಗಿದೆ, ಅವಳು ಎಲ್ಲೂ ಇಲ್ಲ. ಮೂರು ದಿನ ಊಟ ತಿಂಡಿ ಮರೆತು ಹುಡುಕಿದ. ಒಂದು ಅಕ್ಷರ, ಒಂದು ಕೆಮ್ಮು ಸಿಗಲಿಲ್ಲ. ಸವಾಲು ಹಾಕಿದ್ದನಲ್ಲ, ತಾನೇ ಸೋತ.

ಮಗಳು ಚಿಕ್ಕವಳಿದ್ದಾಗಿನ ವಿಡಿಯೋಗಳಿದ್ದವು. ಅವನ್ನು ತೆಗೆದವಳೂ ಹೆಂಡತಿಯೇ. ಮೂರು ವರ್ಷದ ಮಗು ಓಡುತ್ತಾ ಬರುವಾಗ ಅವಳು "ಬಾ ಬಾ, ಪುಟ್ಟೀ ಬಾ" ಎಂದು ಕರೆದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಹಾಕಿ ನೋಡಿದ. ಮಗು ಬಂತು, ಬಾಯಿ ತೆರೆದು ನಕ್ಕಿತು. ಮೇಲೆ ಪಿಟೀಲು. ಮಾತೆಲ್ಲ ತೆಗೆದು ಪಿಟೀಲಿನ ಸಂಗೀತ ತುಂಬಿದ್ದ ಮಹಾನುಭಾವ, ಮಗಳಿಗೆ ಮುಂದೆ ನೋಡಲು ಚೆಂದವಾಗಿರಲಿ ಎಂದು. ಫೋನಿನಲ್ಲಿ ಹುಡುಕಿದರೆ ಅಲ್ಲೂ ಇಲ್ಲ. ಮಾತು ರೆಕಾರ್ಡು ಮಾಡಿ ಕಳಿಸುವುದು ಅವಳಿಗೆ ಆಗುತ್ತಿರಲಿಲ್ಲ. "ಗೋಡೆ ಹತ್ರ ಮಾತಾಡಿದ ಹಾಗಾಗತ್ತೆ" ಎಂದು ನೇರ ಕರೆಯೇ ಮಾಡುತ್ತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವನ ಪಾಲಿಗೆ ಎರಡೂ ಹೋಗಿದ್ದವು.

ಮೂರನೆಯ ದಿನ ಮಧ್ಯಾಹ್ನ ಶಾಲೆಯ ಸೆಕ್ರೆಟರಿಯ ಫೋನು ಬಂತು. "ಏನ್ ಸ್ವಾಮಿ, ನಮ್ಮ ಹಾಡಿನ ಟೀಚರ್ ನಿವೃತ್ತಿ ವಿಡಿಯೋ ಏನಾಯ್ತು? ನಿಮ್ಮ ಮನೆ ಕಷ್ಟ ಗೊತ್ತು, ಅದಕ್ಕೇ ಇಷ್ಟು ದಿನ ಕೇಳ್ಲಿಲ್ಲ. ಆದ್ರೆ ಟೀಚರ್ ಶನಿವಾರ ಊರು ಬಿಟ್ಟು ಮಗಳ ಮನೆಗೆ ಹೊರಡ್ತಿದ್ದಾರೆ. ಶುಕ್ರವಾರ ಕೈಗೆ ಸಿಗ್ಲೇಬೇಕು."

ಆಗ ಅವನಿಗೆ ಜ್ಞಾಪಕ ಬಂತು. ಅವಳು ತೆಗೆದ ಕೊನೆಯ ಕೆಲಸ ಅದು. ಅವಳು ಕುಸಿಯುವ ಮುಂಚಿನ ಭಾನುವಾರ ಸಮಾರಂಭ, ಸಂಜೆಯೇ ಕ್ಯಾಮೆರಾದ ಕಾರ್ಡಿನಿಂದ ಕಂಪ್ಯೂಟರಿಗೆ ತುಂಬಿಸಿ, ಇವನು ಕಲಿಸಿಕೊಟ್ಟಂತೆ ಕಾರ್ಡು ಅಳಿಸಿ ಡಬ್ಬಿಯಲ್ಲಿಟ್ಟಿದ್ದಳು. ಫೋಲ್ಡರು ತೆರೆದ. ನೂರ ನಲವತ್ತೊಂದು ಕ್ಲಿಪ್ಪು. ಯಾವುದಕ್ಕೂ ಕತ್ತರಿ ಮುಟ್ಟಿಲ್ಲ. ಇಯರ್‌ಫೋನು ಸಿಕ್ಕಿಸಿಕೊಂಡು ಮೊದಲನೆಯದನ್ನು ಒತ್ತಿದ.

"ಟೀಚರ್, ಕನ್ನಡಕ ತೆಗೀಬೇಡಿ, ಅದ್ರಲ್ಲೇ ಚೆನ್ನಾಗಿ ಕಾಣ್ತೀರಿ. ಹಾಂ. ಈಗ ಸುಮ್ನೆ ಒಂದು ಹಾಡು ಗುನುಗಿ, ನಾನೇನೂ ಕೇಳಿಸ್ಕೊಳ್ಳಲ್ಲ."

ಕಿವಿಯೊಳಗೇ ಬಂದು ಕೂತಳು. ಅವನು ಮೇಜಿಗೆ ಹಣೆ ಹಚ್ಚಿ ಅತ್ತ. ಆಸ್ಪತ್ರೆಯಲ್ಲೂ ಹಾಗೆ ಅತ್ತಿರಲಿಲ್ಲ. ಎಂಟು ಕ್ಲಿಪ್ಪು ಕೇಳುವಷ್ಟರಲ್ಲಿ ಮುಂದೆ ಕೇಳುವ ತ್ರಾಣ ಉಳಿಯಲಿಲ್ಲ. ಮಗಳಿಗೆ ಫೋನು ಮಾಡಿದ.

"ಸಿಕ್ತು ಪುಟ್ಟೀ. ಸಿಕ್ತು. ಒಂದೊಂದು ಕ್ಲಿಪ್ಪಿನ ತಲೇಲೂ ಮಾತಾಡಿದ್ದಾಳೆ. ಎಲ್ಲ ಸೇರಿಸಿದ್ರೆ ಇಪ್ಪತ್ತು ನಿಮಿಷ ಇರ್ಬಹುದು."

ಆ ಕಡೆ ಮಗಳು ಬಿಕ್ಕಿದಳು. ಆಮೇಲೆ, "ಈಗಲೇ ಇನ್ನೊಂದು ಕಡೆ ಕಾಪಿ ಮಾಡಿಡು ಅಪ್ಪಾ. ಈಗಲೇ."

"ನಂಗೆ ಹೇಳ್ಕೊಡ್ತೀಯಾ? ಎಲ್ಲಿಗೂ ಓಡಿಹೋಗಲ್ಲ ಅದು. ಭಾನುವಾರ ನೀನು ಬಾ. ಇಬ್ಬರೂ ಕೂತು ಕೇಳೋಣ, ನಿನ್ನ ಕೈಯಲ್ಲೇ ಕಾಪಿ ಕೊಡ್ತೀನಿ."

ಹತ್ತೊಂಬತ್ತು ವರ್ಷ ಒಂದು ದಿನವೂ ಮೂಲವನ್ನು ಕಾಪಿ ಮಾಡಿ ಇಟ್ಟವನಲ್ಲ. ಆವತ್ತಾದರೂ ಮಾಡಬೇಡವೇ? ಬುದ್ಧಿ ಅನ್ನುವುದು ಬೇಕಾದ ಹೊತ್ತಿಗೆ ಎಲ್ಲಿಗೆ ಹೋಗುತ್ತದೋ ನಾ ಕಾಣೆ.

ಗುರುವಾರ, ಶುಕ್ರವಾರ ಎರಡು ದಿನ ಕೂತು ಟೀಚರ್ ವಿಡಿಯೋ ಮುಗಿಸಿದ. ಹೆಂಡತಿಯ ದನಿ ಕೇಳುತ್ತಾ ಅದನ್ನೇ ಕತ್ತರಿಸುವುದು ಆಗುವ ಮಾತೇ? ಅದಕ್ಕೇ ಸ್ಪೀಕರ್ ಬಂದ್ ಮಾಡಿ, ಸ್ಕ್ರೀನಿನಲ್ಲಿ ಏಳುವ ಬೀಳುವ ಸದ್ದಿನ ಗೆರೆ ನೋಡಿಕೊಂಡೇ ಕೆಲಸ ಮಾಡಿದ. ಅವಳ ಮಾತಿನ ಗೆರೆ ಎಲ್ಲಿ ಏಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಿಗೇ ಗೊತ್ತಿತ್ತು. ಕತ್ತರಿಸುವಾಗೆಲ್ಲ, ಇದು ಬರೀ ಸಾಫ್ಟ್‌ವೇರಿನಲ್ಲಿ, ಮೂಲ ಹಾಗೇ ಇದೆ, ಹಾಗೇ ಇದೆ ಎಂದು ತನಗೆ ತಾನೇ ಹೇಳಿಕೊಂಡ.

ಶುಕ್ರವಾರ ನಾಲ್ಕು ಗಂಟೆಗೆ ಶಾಲೆಯ ಡ್ರೈವರು ಬಂದು ಬಾಗಿಲಲ್ಲಿ ನಿಂತ. ಸೆಕ್ರೆಟರಿ ಫೋನಿನಲ್ಲಿ, "ಆಯ್ತಾ ಸ್ವಾಮಿ? ಇನ್ನೂ ಎಷ್ಟು ಹೊತ್ತು?" ಫೋನನ್ನು ಹೆಗಲಿಗೂ ಕೆನ್ನೆಗೂ ಸಿಕ್ಕಿಸಿಕೊಂಡು "ಆಯ್ತು ಸಾರ್, ಆಯ್ತು" ಎನ್ನುತ್ತಾ ಪೆನ್‌ಡ್ರೈವಿಗೆ ತುಂಬಿಸಿ ಡ್ರೈವರಿಗೆ ಕೊಟ್ಟ. ಸೆಕ್ರೆಟರಿ ಇನ್ನೂ ಏನೇನೋ ಹೇಳುತ್ತಿದ್ದರು, ಇವನು ಹೂಂಗುಟ್ಟುತ್ತಿದ್ದ. ಫೋನು ಇಟ್ಟ. ಕುರ್ಚಿ ಹಿಂದೆ ತಳ್ಳಿ ಎದ್ದ. ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡ.

ಎರಡನೇ ಬೊಗಸೆ ನೀರು ಕೈಯಲ್ಲೇ ನಿಂತಿತು. ಕುರ್ಚಿಯಿಂದ ಏಳುವ ಮೊದಲು ಕೈ ಏನು ಮಾಡಿತು?

ಓಡಿ ಬಂದ. ಹೊಸ ಫೋಲ್ಡರಿನಲ್ಲಿ ತಲೆ ಬಾಲ ಇಲ್ಲದ ಚೊಕ್ಕ ತುಣುಕುಗಳು ಸಾಲಾಗಿ ಕೂತಿದ್ದವು. ಹಳೇ ಫೋಲ್ಡರು ಇರಲಿಲ್ಲ. ಕಸದಬುಟ್ಟಿ ತೆರೆದ, ಖಾಲಿ. ಮುಚ್ಚಿ ಮತ್ತೆ ತೆರೆದ, ಖಾಲಿ. ಹೂಂಗುಟ್ಟುತ್ತಿದ್ದಾಗಲೇ ಐದಾರು ಗುಂಡಿ ಒತ್ತಿ ಮುಗಿಸಿತ್ತು ಆ ಹಾಳು ಕೈ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ನಿಮಿಷವೂ ಬೇಕಾಗಲಿಲ್ಲ.

ಶನಿವಾರ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆಯೇ ಕಂಪ್ಯೂಟರಿನ ಡಬ್ಬಿ ತಬ್ಬಿಕೊಂಡು ರಿಪೇರಿ ಅಂಗಡಿಯ ಮುಂದೆ ನಿಂತಿದ್ದ. ಅಲ್ಲಿದ್ದವನನ್ನು ಎಲ್ಲರೂ ಡಿಸ್ಕ್ ಡಾಕ್ಟರು ಅನ್ನುತ್ತಿದ್ದರು, ಸತ್ತ ಡಿಸ್ಕನ್ನೂ ಎಬ್ಬಿಸಿ ಕೂರಿಸುವವನೆಂಬ ಹೆಸರು. ಸಂಜೆಯವರೆಗೆ ಏನೇನೋ ಮಾಡಿ ನೋಡಿದ.

"ಹಳೇ ಕಾಲದ ಡಿಸ್ಕಾಗಿದ್ರೆ ಕೆರೆದು ತೆಗೀಬಹುದಿತ್ತು ಅಣ್ಣಾ. ಈ ಹೊಸದು ಹಾಗಲ್ಲ. ಅಳಿಸಿದ ಜಾಗಾನ ಅದೇ ಒರೆಸಿ ಇಟ್ಕೊಂಡುಬಿಡತ್ತೆ. ಕ್ಯಾಮೆರಾ ಕಾರ್ಡ್ ಇದ್ಯಾ?"

ಕಾರ್ಡು ಇರಲಿಲ್ಲ. ಕ್ಯಾಮೆರಾ ಕಣ್ಣಿಗೆ ಬಿದ್ದರೆ ಸಂಕಟವಾಗುತ್ತದೆಂದು ಕಾರ್ಡಿನ ಸಮೇತ ಬೇರೆ ಸ್ಟುಡಿಯೋದವರಿಗೆ ಬಳಸಲು ಕೊಟ್ಟು ಎರಡು ವಾರವಾಗಿತ್ತು. ಫೋನು ಮಾಡಿ ಕೇಳಿದ. ಅದರ ಮೇಲೆ ನಾಲ್ಕು ಮದುವೆ ತುಂಬಿಸಿ ತೆಗೆದಿದ್ದೇವೆ ಎಂದರು.

"ಅಷ್ಟು ಮುಖ್ಯವಾದದ್ದು ಏನಿತ್ತು ಅಣ್ಣಾ ಅದ್ರಲ್ಲಿ?" ಎಂದು ಡಾಕ್ಟರು ಕೇಳಿದ.

"ಕಸ" ಎಂದ ಕತ್ತರಿ. ಅಷ್ಟು ಹೇಳಿ ಡಬ್ಬಿ ಎತ್ತಿಕೊಂಡು ಹೊರಟ.

ಭಾನುವಾರ ಹತ್ತು ಗಂಟೆಗೆ ಮಗಳು ಬಂದಳು. ಚಪ್ಪಲಿ ಬಿಟ್ಟವಳೇ ಇನ್ನೊಂದು ಕುರ್ಚಿ ಎಳೆದುಕೊಂಡು ಸ್ಕ್ರೀನ್ ಮುಂದೆ ಕೂತಳು. ಬ್ಯಾಗಿನಿಂದ ಎರಡು ಹೊಸ ಪೆನ್‌ಡ್ರೈವು ತೆಗೆದು ಮೇಜಿನ ಮೇಲಿಟ್ಟಳು. "ಒಂದು ನಿಂಗೆ, ಒಂದು ನಂಗೆ. ಹಾಕು ಅಪ್ಪಾ."

ಹೇಗೆ ಹೇಳುವುದು? ನಿಂತುಕೊಂಡೇ ಹೇಳಿದ. ಡ್ರೈವರು ಬಂದದ್ದು, ಫೋನು, ಕೈ, ಬೊಗಸೆ ನೀರು, ಡಿಸ್ಕ್ ಡಾಕ್ಟರು. ಒಂದನ್ನೂ ಮುಚ್ಚಿಡಲಿಲ್ಲ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ಪೆನ್‌ಡ್ರೈವುಗಳನ್ನು ಒಂದರ ಪಕ್ಕ ಒಂದು ನೆಟ್ಟಗೆ ಜೋಡಿಸಿದಳು, ಥೇಟು ಅಪ್ಪನ ಹಾಗೆ.

"ಜೀವಮಾನ ಪೂರ್ತಿ ಅಮ್ಮನ್ನ ಕತ್ತರಿಸ್ತಾನೇ ಬಂದೆ ಅಪ್ಪಾ. ಕೊನೇಗೂ ಬಿಡ್ಲಿಲ್ಲ" ಎಂದಳು.

ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟ. ಸೆಕೆ ಹೆಚ್ಚಾಗಿ ಮಗಳು ಎದ್ದು ಫ್ಯಾನು ಹಾಕಿದಳು. ಕೆಳಗೆ ಕೀಲಿಯವನು ಕಬ್ಬಿಣ ಉಜ್ಜುವ ಸದ್ದು ಕೇಳುತ್ತಿತ್ತು. ಅಪ್ಪನ ಫೋನು ಬಡಿದುಕೊಂಡಿತು. ಅವನು ಎತ್ತಲಿಲ್ಲ. ಮತ್ತೆ ಬಡಿದುಕೊಂಡಾಗ ಮಗಳೇ ಎತ್ತಿ ಸ್ಪೀಕರ್ ಹಾಕಿ ನೆಲದ ಮೇಲಿಟ್ಟಳು. ಸೆಕ್ರೆಟರಿ.

"ಸ್ವಾಮಿ, ವಿಡಿಯೋ ಚೆನ್ನಾಗಿದೆ, ಟೀಚರ್‌ಗೆ ಬಹಳ ಖುಷಿಯಾಯ್ತು. ಒಂದೇ ಒಂದು ಎಡವಟ್ಟು. ನಿಮ್ಮ ಕೆಲಸದಲ್ಲಿ ಯಾವತ್ತೂ ಇಂಥದ್ದು ಇರ್ಲಿಲ್ಲ. ಇಪ್ಪತ್ತೆರಡನೇ ನಿಮಿಷ, ನನ್ನ ಭಾಷಣದ ಮಧ್ಯೆ ಯಾರೋ ಹೆಂಗಸು ಏನೋ ಅಂದುಬಿಡ್ತಾರೆ, ಸಭೆಯೆಲ್ಲ ಗೊಳ್ಳಂತ ನಗತ್ತೆ. ನಂಗೆ ಮುಜುಗರ. ಅದೊಂದು ಕತ್ತರಿಸಿ ಹೊಸದು ಕೊಡ್ತೀರಾ?"

ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿದರು.

ಸ್ಪೀಕರ್ ಬಂದ್ ಮಾಡಿ ಕತ್ತರಿಸಿದ್ದನಲ್ಲ. ತಲೆಯಲ್ಲಿ, ಬಾಲದಲ್ಲಿ ಅವಳ ದನಿಯನ್ನು ಗೆರೆ ನೋಡಿ ಹಿಡಿದಿದ್ದ. ನಡುಮಧ್ಯ, ಸೆಕ್ರೆಟರಿಯ ದಪ್ಪ ಗೆರೆಯ ಪಕ್ಕದಲ್ಲಿ ಎದ್ದ ಸಣ್ಣ ಗೆರೆ ಕಣ್ಣು ತಪ್ಪಿಸಿಕೊಂಡಿತ್ತು. ಹತ್ತೊಂಬತ್ತು ವರ್ಷದಲ್ಲಿ ಅವನು ಕೆಡಿಸಿದ ಮೊದಲ ಕೆಲಸ ಅದು.

ಅವನು ತೆವಳಿಕೊಂಡೇ ಕುರ್ಚಿಗೆ ಬಂದ. ಇಪ್ಪತ್ತೆರಡನೇ ನಿಮಿಷಕ್ಕೆ ತಂದು ಸದ್ದು ಏರಿಸಿದ. ಸ್ಕ್ರೀನಿನಲ್ಲಿ ಸೆಕ್ರೆಟರಿ ಕಾಗದ ನೋಡಿ ಓದುತ್ತಿದ್ದರು. ಟೀಚರ್ ತಲೆ ಬಗ್ಗಿಸಿ ಕೂತಿದ್ದರು. ಅಡಿಯಲ್ಲಿ ಗರಗರ ಸದ್ದು. ಸೆಕ್ರೆಟರಿ ಹಾಳೆ ತಿರುಗಿಸಲು ನಿಂತ ಆ ಒಂದು ಗಳಿಗೆಯಲ್ಲಿ, ಹತ್ತಿರದಿಂದ, ಪಿಸುಮಾತು ಅಂದುಕೊಂಡು ಆಡಿದ, ಆದರೆ ಸಭೆಗೆಲ್ಲ ಕೇಳಿದ ದನಿ:

"ಯಾರಾದ್ರೂ ಸ್ವಲ್ಪ ಆ ಫ್ಯಾನ್ ಆಫ್ ಮಾಡಿ ಪ್ಲೀಸ್. ಆಮೇಲೆ ನಮ್ಮನೆಯವರು ಬೈತಾರೆ."

ಸಭೆ ನಕ್ಕಿತು. ಟೀಚರ್ ಕೂಡ ತಲೆಯೆತ್ತಿ ಕ್ಯಾಮೆರಾ ಕಡೆ ನೋಡಿ ನಕ್ಕರು. ಗರಗರ ನಿಂತಿತು. ಸೆಕ್ರೆಟರಿ ಮುಂದುವರಿಸಿದರು.

ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. "ಇಷ್ಟೇನಾ ಅಪ್ಪಾ?"

"ಇಷ್ಟೇ ಮಗಳೇ."

ಮೌಸು ಹಿಡಿದು ಅವನು ಮಾತಿನ ಮೊದಲಿಗೂ ನಗುವಿನ ಕೊನೆಗೂ ಗುರುತು ಹಾಕಿ ಕತ್ತರಿಸಿದ. ಆರು ಸೆಕೆಂಡು. ಭಾಷಣವನ್ನು ಆ ಕಡೆಗೆ ಸರಿಸಿ, ಆರು ಸೆಕೆಂಡನ್ನು ಒಂದಲ್ಲ ಎರಡಲ್ಲ, ನಾಲ್ಕು ಡಿಸ್ಕಿಗೂ ಎರಡು ಪೆನ್‌ಡ್ರೈವಿಗೂ ಹಾಕಿದ. ಫೈಲಿಗೆ ಏನು ಹೆಸರಿಡಲಿ ಎಂದು ಮಗಳ ಕಡೆ ನೋಡಿದ. ಅವಳು "ಅಮ್ಮ" ಎಂದು ತಾನೇ ಒತ್ತಿದಳು.

"ಇನ್ನೊಂದ್ಸಲ ಹಾಕು" ಎಂದಳು. "ತಲೆ ಮೇಲೆ ಈ ಗಾಳಿ ಸದ್ದಲ್ಲಿ ಸರಿಯಾಗಿ ಕೇಳ್ಸಲಿಲ್ಲ."

ಅವನು ಎದ್ದು ಹೋಗಿ ಫ್ಯಾನು ಆಫ್ ಮಾಡಿ ಬಂದು ಕೂತ. ರೆಕ್ಕೆ ಪೂರ್ತಿ ನಿಲ್ಲುವವರೆಗೂ ಕಾದು, ಆಮೇಲೆ ಗುಂಡಿ ಒತ್ತಿದ.

"...ಆಮೇಲೆ ನಮ್ಮನೆಯವರು ಬೈತಾರೆ" ಎಂದಳು ಅವಳು.

"ಇಲ್ಲ ಕಣೇ, ಬೈಯಲ್ಲ" ಎಂದ ಅವನು.

ಸಭೆಯಲ್ಲಿ ಕೂತಿದ್ದ ಜನ ಮತ್ತೆ ನಕ್ಕರು.